ಫೈಲ್ ತೆರೆಯುವವರು ಯಾರು? ಡೇಟಾಬೇಸ್ ಅಟ್ಯಾಚ್ ಆಗದೆ ಎರರ್ 5120 ಬಂದಾಗ ಮಾಡಬೇಕಾದ ಕೆಲಸ

ಏಪ್ರಿಲ್ ಕೊನೆಯ ವಾರ. ಸಾಗರದ ಒಂದು ಅಡಿಕೆ ಮಂಡಿಯಿಂದ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ಹಿಂದಿನ ರಾತ್ರಿ ಗುಡುಗು, ಸಿಡಿಲು ಜೋರಾಗಿತ್ತು. ಲೆಕ್ಕದ ಕಂಪ್ಯೂಟರನ್ನು ಸಂಜೆಯೇ ಆಫ್ ಮಾಡಿ ಹೋಗಿದ್ದರು, ಆದರೆ ಪ್ಲಗ್ ಕಿತ್ತಿರಲಿಲ್ಲ. ಮದರ್‌ಬೋರ್ಡ್ ಸುಟ್ಟಿತ್ತು. ಹಾರ್ಡ್ ಡಿಸ್ಕ್ ಮಾತ್ರ ಉಳಿದಿತ್ತು.

ಅಲ್ಲಿ ಲೆಕ್ಕ ನೋಡುವ ಹುಡುಗ ಚುರುಕು. ಮಧ್ಯಾಹ್ನದ ಹೊತ್ತಿಗೆ ಶಿವಮೊಗ್ಗದಿಂದ ಹೊಸ ಕಂಪ್ಯೂಟರ್ ತರಿಸಿ, ಅದಕ್ಕೆ ಡೇಟಾಬೇಸ್ ನಡೆಸುವ ಎಸ್‌ಕ್ಯುಎಲ್ ಸರ್ವರ್ ಪ್ರೋಗ್ರಾಂ ಹಾಕಿಸಿದ್ದ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಡೇಟಾಬೇಸಿನ ಎರಡು ಫೈಲ್ ತೆಗೆದುಕೊಂಡು, ಅವನ್ನು ಹೊಸ ಸರ್ವರಿಗೆ ಜೋಡಿಸಲು, ಅಂದರೆ ಅಟ್ಯಾಚ್ ಮಾಡಲು ಕೂತಿದ್ದ. ಮೂರು ಗಂಟೆಗೆ ಮತ್ತೆ ಫೋನ್.

"ಅಕ್ಕಾ, ಅಟ್ಯಾಚ್ ಆಗ್ತಾ ಇಲ್ಲ. ಆ್ಯಕ್ಸೆಸ್ ಈಸ್ ಡಿನೈಡ್ ಅಂತಿದೆ. ಈ ಕಂಪ್ಯೂಟರಿಗೆ ನಾನೇ ಅಡ್ಮಿನ್ ಅಲ್ವಾ? ನನಗೇ ಆಗಲ್ಲ ಅಂದ್ರೆ ಇನ್ಯಾರಿಗೆ ಬಿಡತ್ತೆ ಇದು?"

ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆಯ ಮಂಡಿ, ಸೊಸೈಟಿ, ಕ್ಲಿನಿಕ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಈ ಪ್ರಶ್ನೆಯನ್ನು ನಾನು ತುಂಬ ಸಲ ಕೇಳಿದ್ದೇನೆ. ಕೇಳುವವರ ದನಿಯಲ್ಲಿ ಯಾವಾಗಲೂ ಒಂದು ಗಾಬರಿ ಇರುತ್ತದೆ. ಇರಲೇಬೇಕು. ಆ ಎರಡು ಫೈಲಿನಲ್ಲಿ ಬೆಳೆಗಾರರ ಖಾತೆ ಇದೆ, ಕೊಟ್ಟ ಮುಂಗಡ ಇದೆ, ಯಾರ ರಾಶಿ ಅಡಿಕೆ ಎಷ್ಟು ತೂಗಿತು, ಯಾರ ಬೆಟ್ಟೆ ಅಡಿಕೆಗೆ ಏನು ರೇಟು ಬಿತ್ತು ಎಂಬುದೆಲ್ಲ ಇದೆ. ಅದಕ್ಕೇ ಅವತ್ತು ಆ ಹುಡುಗನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಇದು ವಿಂಡೋಸ್ ಮೇಲಿನ ಮೈಕ್ರೊಸಾಫ್ಟ್ ಎಸ್‌ಕ್ಯುಎಲ್ ಸರ್ವರಿನ ಮಾತು. ಮೆನುಗಳ ಹೆಸರನ್ನು ಫೋನಿನಲ್ಲಿ ಓದಿ ಹೇಳುವ ಹಾಗೆಯೇ ಕೊಟ್ಟಿದ್ದೇನೆ.

ಮೊದಲು ಮೆಸೇಜ್ ಪೂರ್ತಿ ಓದಿ

ನಾನು ಅವನಿಗೆ ಕೇಳಿದ ಮೊದಲ ಪ್ರಶ್ನೆ: "ಆಪರೇಟಿಂಗ್ ಸಿಸ್ಟಮ್ ಎರರ್ ಅಂತ ಇರತ್ತೆ ನೋಡು, ಅದರ ಮುಂದೆ ಯಾವ ನಂಬರ್ ಇದೆ?"

ಅಟ್ಯಾಚ್ ಕೆಟ್ಟಾಗ ಬರುವ ಡಬ್ಬಿಯಲ್ಲಿ ಎರಡು ನಂಬರ್ ಇರುತ್ತವೆ. ಒಂದು ಎಸ್‌ಕ್ಯುಎಲ್ ಸರ್ವರಿನದು, 5120. ಫೈಲ್ ತೆರೆಯಲು ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಯಾಕೆ ಆಗಲಿಲ್ಲ ಎಂಬುದನ್ನು ಹೇಳುವುದು ಒಳಗಿರುವ ಇನ್ನೊಂದು ನಂಬರ್, ವಿಂಡೋಸ್ ಕೊಟ್ಟದ್ದು. ಅಲ್ಲಿ 5 ಇದ್ದರೆ ಪರ್ಮಿಷನ್ ಇಲ್ಲ. 2 ಇದ್ದರೆ ಆ ಹೆಸರಿನ ಫೈಲೇ ಅಲ್ಲಿಲ್ಲ. 3 ಇದ್ದರೆ ಫೋಲ್ಡರಿನ ದಾರಿಯೇ ತಪ್ಪು. 32 ಇದ್ದರೆ ಫೈಲನ್ನು ಬೇರೆ ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿದೆ. ಎಷ್ಟೋ ಸಲ ಅದು ಅದೇ ಕಂಪ್ಯೂಟರಿನಲ್ಲಿ ಓಡುತ್ತಿರುವ ಇನ್ನೊಂದು ಎಸ್‌ಕ್ಯುಎಲ್ ಇನ್‌ಸ್ಟನ್ಸ್, ಅಂದರೆ ಅದೇ ಸರ್ವರಿನ ಬೇರೆ ಪ್ರತಿ ಆಗಿರುತ್ತದೆ, ಇಲ್ಲವೇ ಫೈಲ್ ಸ್ಕ್ಯಾನ್ ಮಾಡುತ್ತಿರುವ ಆ್ಯಂಟಿವೈರಸ್.

32 ಬಂದಾಗ ಪರ್ಮಿಷನ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ. 2 ಬಂದಾಗಲೂ ಅಷ್ಟೇ. 5120 ಎಂಬ ನಂಬರನ್ನು ಮಾತ್ರ ನೋಡಿ ಅರ್ಧ ದಿನ ಪರ್ಮಿಷನ್ ಬದಲಿಸುತ್ತಾ ಕೂತವರನ್ನು ಕಂಡಿದ್ದೇನೆ. ಒಳಗಿನ ನಂಬರ್ 2 ಆಗಿತ್ತು, ಫೈಲಿನ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಇತ್ತು.

ಇನ್ನೊಂದನ್ನೂ ಬೇರೆ ಮಾಡಿಕೊಳ್ಳಿ. ಎರರ್ 262 ಬಂದು, ಮಾಸ್ಟರ್ ಎಂಬ ಸರ್ವರಿನ ಸ್ವಂತ ಡೇಟಾಬೇಸಿನಲ್ಲಿ ಕ್ರಿಯೇಟ್ ಡೇಟಾಬೇಸ್ ಪರ್ಮಿಷನ್ ಇಲ್ಲ ಎಂದರೆ ಅದು ಫೈಲಿನ ತಕರಾರಲ್ಲ. ಎಸ್‌ಕ್ಯುಎಲ್ ಸರ್ವರಿನ ಒಳಗೆ ನಿಮ್ಮ ಲಾಗಿನ್‌ಗೆ ಹಕ್ಕಿಲ್ಲ ಎಂದರ್ಥ. ಸಿಸ್‌ಅಡ್ಮಿನ್, ಅಂದರೆ ಸರ್ವರಿನ ಪೂರ್ತಿ ಹಕ್ಕು ಇರುವ ಲಾಗಿನ್‌ನಿಂದ ಒಳಗೆ ಹೋಗಿ ಮಾಡಬೇಕು.

ಹುಡುಗ ಓದಿದ: "ಐದು ಅಕ್ಕಾ."

ಸರಿ, ಪರ್ಮಿಷನ್.

ಮುಟ್ಟುವ ಮುಂಚೆ ಒಂದು ಕಾಪಿ

ಮುಂದೆ ಹೋಗುವ ಮೊದಲು ಅವನನ್ನು ಒಂದು ನಿಮಿಷ ನಿಲ್ಲಿಸಿದೆ. ಇದನ್ನು ಯಾರಿಗೂ ಬಿಡುವುದಿಲ್ಲ ನಾನು. ಎಂಡಿಎಫ್ ಫೈಲ್ ಮತ್ತು ಎಲ್‌ಡಿಎಫ್ ಫೈಲ್ ಎರಡನ್ನೂ ಬೇರೆ ಜಾಗಕ್ಕೆ ಕಾಪಿ ಮಾಡಿಡಿ. ಎಂಡಿಎಫ್ ಅಂದರೆ ಡೇಟಾ, ಎಲ್‌ಡಿಎಫ್ ಅಂದರೆ ಲಾಗ್. ದೊಡ್ಡ ಡೇಟಾಬೇಸ್ ಆದರೆ ಎನ್‌ಡಿಎಫ್ ಎಂಬ ಫೈಲೂ ಇರಬಹುದು, ಅದನ್ನೂ ಬಿಡಬೇಡಿ. ಕಾಪಿ ಒಂದು ಮೂಲೆಯಲ್ಲಿರಲಿ, ಅದನ್ನು ಅಟ್ಯಾಚ್ ಮಾಡಲು ಹೋಗಬೇಡಿ.

ಕಾರಣ ಇದೆ. ಹಳೆಯ ವರ್ಷನ್ನಿನ ಫೈಲನ್ನು ಹೊಸ ಸರ್ವರಿಗೆ ಅಟ್ಯಾಚ್ ಮಾಡಿದ ಕ್ಷಣ ಅದು ಹೊಸ ವರ್ಷನ್ನಿಗೆ ಬದಲಾಗಿಬಿಡುತ್ತದೆ. ಮತ್ತೆ ಹಳೆಯ ಸರ್ವರಿಗೆ ಅದು ಹತ್ತುವುದಿಲ್ಲ. ಮಂಡಿಯದು 2014ರ ಫೈಲ್, ಹೊಸ ಸರ್ವರ್ 2022ರದು. ಮೇಲಕ್ಕೆ ಹೋಗಲು ಅಡ್ಡಿಯಿಲ್ಲ. ಆದರೆ ಆ ಲೆಕ್ಕದ ಸಾಫ್ಟ್‌ವೇರ್ 2022ರ ಜೊತೆ ಹೊಂದದೆ ಹೋದರೆ? ಹಿಂದಕ್ಕೆ ಬರಲು ಮುಟ್ಟದ ಕಾಪಿ ಒಂದೇ ದಾರಿ.

ಎಲ್‌ಡಿಎಫ್ ಬಗ್ಗೆಯೂ ಒಂದು ಮಾತು. "ಅದು ಸುಮ್ನೆ ಲಾಗ್ ಅಲ್ವಾ" ಎಂದು ಬಿಟ್ಟು ಬರುವವರಿದ್ದಾರೆ. ಸರ್ವರ್ ಸರಿಯಾಗಿ ಶಟ್‌ಡೌನ್ ಆಗಿದ್ದರೆ ಲಾಗ್ ಇಲ್ಲದೆಯೂ ಹೊಸದನ್ನು ಕಟ್ಟಿಕೊಂಡು ಡೇಟಾಬೇಸ್ ಎದ್ದೀತು. ಕರೆಂಟ್ ಹೋಗಿ ಧಡ್ ಎಂದು ನಿಂತಿದ್ದರೆ, ಲಾಗ್ ಇಲ್ಲದೆ ಅಟ್ಯಾಚ್ ಆಗುವುದಿಲ್ಲ. ಮಂಡಿಯವರು ಸಂಜೆ ಶಟ್‌ಡೌನ್ ಮಾಡಿ ಹೋಗಿದ್ದು ಆ ದಿನ ನಮ್ಮ ಪುಣ್ಯ.

ನೀವಲ್ಲ, ಸರ್ವಿಸ್ ತೆರೆಯುವುದು

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ನಾನು ಅಡ್ಮಿನ್, ನನಗೇ ಯಾಕೆ ಇಲ್ಲ?

ಸರ್ವರಿಗೆ ಕೆಲಸ ಹೇಳಲು ನಾವು ತೆರೆಯುವ ಮ್ಯಾನೇಜ್‌ಮೆಂಟ್ ಸ್ಟುಡಿಯೊ ಎಂಬುದು ಕೌಂಟರ್ ಇದ್ದ ಹಾಗೆ. ನೀವು ಕೌಂಟರಿನಲ್ಲಿ ಚೀಟಿ ಕೊಡುತ್ತೀರಿ. ಗೋದಾಮಿಗೆ ಹೋಗಿ ಚೀಲ ಎತ್ತುವವನು ಬೇರೆ. ಫೈಲನ್ನು ಹಿಡಿದು ತೆರೆಯುವುದು ಹಿಂದೆ ಓಡುತ್ತಿರುವ ಎಸ್‌ಕ್ಯುಎಲ್ ಸರ್ವರ್ ಎಂಬ ಸರ್ವಿಸ್. ಅದಕ್ಕೆ ತನ್ನದೇ ಒಂದು ಅಕೌಂಟ್ ಇದೆ. ಗೋದಾಮಿನ ಬೀಗದ ಕೈ ನಿಮ್ಮ ಹತ್ತಿರ ಇದ್ದರೆ ಸಾಲದು, ಅವನ ಹತ್ತಿರವೂ ಇರಬೇಕು.

2012ರ ವರ್ಷನ್ನಿನಿಂದ ಈಚೆಗೆ, ಇನ್‌ಸ್ಟಾಲ್ ಮಾಡುವಾಗ ನಾವು ಏನನ್ನೂ ಬದಲಿಸದಿದ್ದರೆ, ಆ ಅಕೌಂಟಿಗೆ ಒಂದು ನಿಗದಿತ ಹೆಸರು ಬರುತ್ತದೆ. ಮೊದಲು ಎನ್‌ಟಿ, ಒಂದು ಸ್ಪೇಸ್, ಸರ್ವಿಸ್, ಬ್ಯಾಕ್‌ಸ್ಲ್ಯಾಶ್, ಆಮೇಲೆ ಎಂಎಸ್‌ಎಸ್‌ಕ್ಯುಎಲ್‌ಸರ್ವರ್ ಎಂದು ಒಂದೇ ಪದ. ಇದು ಡೀಫಾಲ್ಟ್ ಇನ್‌ಸ್ಟನ್ಸಿನ ಹೆಸರು. ಇನ್‌ಸ್ಟನ್ಸಿಗೆ ಬೇರೆ ಹೆಸರು ಕೊಟ್ಟಿದ್ದರೆ ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ಎಂಎಸ್‌ಎಸ್‌ಕ್ಯುಎಲ್, ಡಾಲರ್ ಚಿಹ್ನೆ, ಇನ್‌ಸ್ಟನ್ಸಿನ ಹೆಸರು. ಎಕ್ಸ್‌ಪ್ರೆಸ್ ಎಂಬ ಉಚಿತ ಆವೃತ್ತಿ ಹಾಕಿದವರಿಗೆ ಸಾಮಾನ್ಯವಾಗಿ ಅದು ಎಂಎಸ್‌ಎಸ್‌ಕ್ಯುಎಲ್, ಡಾಲರ್, ಎಸ್‌ಕ್ಯುಎಲ್‌ಎಕ್ಸ್‌ಪ್ರೆಸ್ ಎಂದಿರುತ್ತದೆ. ನಡುವೆ ಸ್ಪೇಸ್ ಇಲ್ಲ.

ಇಲ್ಲಿ ಮಂಡಿಯ ಕಥೆಯಲ್ಲಿ ಒಂದು ಗಂಟಿತ್ತು. ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ಎಸ್‌ಕ್ಯುಎಲ್‌ಎಕ್ಸ್‌ಪ್ರೆಸ್ ಇನ್‌ಸ್ಟನ್ಸ್. ಹೊಸದರಲ್ಲೂ ಎಕ್ಸ್‌ಪ್ರೆಸ್ಸೇ, ಆದರೆ ಡೀಫಾಲ್ಟ್ ಇನ್‌ಸ್ಟನ್ಸ್ ಆಗಿ ಹಾಕಿದ್ದರು. ಈ ಸರ್ವಿಸ್ ಅಕೌಂಟಿನ ಗುರುತಿನ ನಂಬರ್ ಹುಟ್ಟುವುದೇ ಸರ್ವಿಸಿನ ಹೆಸರಿನಿಂದ. ಹೆಸರು ಒಂದೇ ಆದರೆ ಯಾವ ಕಂಪ್ಯೂಟರಿನಲ್ಲಾದರೂ ನಂಬರ್ ಒಂದೇ. ಹೆಸರು ಬೇರೆಯಾದರೆ ಅದು ಬೇರೆಯೇ ವ್ಯಕ್ತಿ. ಹಾಗಾಗಿ ಹಳೆಯ ಡಿಸ್ಕಿನ ಫೈಲಿಗೆ ಇದ್ದ ಪರ್ಮಿಷನ್ ಹೊಸ ಸರ್ವಿಸಿಗೆ ಸಂಬಂಧವೇ ಇಲ್ಲದ್ದು. ಹೊಸ ಕಂಪ್ಯೂಟರಿನಲ್ಲಿ ಆ ಫೈಲಿನ ಪ್ರಾಪರ್ಟೀಸ್ ತೆರೆದರೆ ಹೆಸರಿನ ಬದಲು ಎಸ್-1-5-80 ಎಂದು ಶುರುವಾಗುವ ಉದ್ದದ ನಂಬರ್ ಕಾಣುತ್ತದೆ. ಅದು ಹೊಸ ಕಂಪ್ಯೂಟರಿಗೆ ಗುರುತು ಸಿಗದ ಹಳೆಯ ಸರ್ವಿಸ್. ಹೆದರಬೇಕಿಲ್ಲ.

ಡಿಟ್ಯಾಚ್ ಮಾಡಿ, ಅಂದರೆ ಹಳೆಯ ಸರ್ವರಿನಿಂದ ಬಿಡಿಸಿ ತಂದ ಫೈಲ್ ಆದರೆ ಇನ್ನೊಂದು ವಿಷಯ. ವಿಂಡೋಸ್ ಲಾಗಿನ್‌ನಿಂದ ಒಳಗೆ ಹೋಗಿ ಡಿಟ್ಯಾಚ್ ಮಾಡಿದರೆ, ಎಸ್‌ಕ್ಯುಎಲ್ ಸರ್ವರ್ ಆ ಫೈಲುಗಳ ಪರ್ಮಿಷನ್ನನ್ನು ಬದಲಿಸಿ, ಡಿಟ್ಯಾಚ್ ಮಾಡಿದ ಆ ಒಬ್ಬರ ಅಕೌಂಟಿಗೆ ಮಾತ್ರ ಬಿಟ್ಟುಕೊಡುತ್ತದೆ. ಬೆಳಿಗ್ಗೆ ಒಬ್ಬರು ಡಿಟ್ಯಾಚ್ ಮಾಡಿ, ಸಂಜೆ ಇನ್ನೊಬ್ಬರು ಅಟ್ಯಾಚ್ ಮಾಡಲು ಕೂತರೆ ಎರರ್ 5 ಬರುವುದು ಇದಕ್ಕೇ. ಫೈಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಬೇರೆಯವರ ಕೈಗೆ ಸಿಗಬಾರದು ಎಂದು ಸರ್ವರೇ ಬೀಗ ಹಾಕಿ ಕೊಟ್ಟಿದೆ.

ಇಷ್ಟಾದರೂ ಅಟ್ಯಾಚ್ ಮಾಡುವವರನ್ನು ಸರ್ವರ್ ಪೂರ್ತಿ ಬಿಟ್ಟುಬಿಡುವುದಿಲ್ಲ. ವಿಂಡೋಸ್ ಲಾಗಿನ್‌ನಿಂದ ಬಂದವರಾದರೆ, ಅವರ ಪರವಾಗಿ ಫೈಲಿನ ಹತ್ತಿರ ಹೋಗಿ, ಇವರಿಗೆ ಇದನ್ನು ಮುಟ್ಟುವ ಹಕ್ಕು ಇದೆಯಾ ಎಂದೂ ನೋಡುತ್ತದೆ. ಅಂದರೆ ಪರ್ಮಿಷನ್ ಇಬ್ಬರಿಗೂ ಬೇಕು, ಸರ್ವಿಸಿಗೂ ಬೇಕು, ನಿಮಗೂ ಬೇಕು. ಇಲ್ಲೇ ಅಡ್ಮಿನ್‌ಗಳು ಸಿಕ್ಕಿಬೀಳುವುದು. ವಿಂಡೋಸಿನಲ್ಲಿ ನೀವು ಅಡ್ಮಿನ್ ಆಗಿದ್ದರೂ, ಪ್ರೋಗ್ರಾಮನ್ನು ಮಾಮೂಲಿಯಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಅದಕ್ಕೆ ಅಡ್ಮಿನ್ ಬಲ ಸಿಗುವುದಿಲ್ಲ. ಯೂಸರ್ ಅಕೌಂಟ್ ಕಂಟ್ರೋಲ್ ಅದನ್ನು ತೆಗೆದಿಟ್ಟುಕೊಂಡಿರುತ್ತದೆ. ಫೈಲಿಗೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಮೂಲಕ ಮಾತ್ರ ಪರ್ಮಿಷನ್ ಇದ್ದರೆ, ಆ ಹೊತ್ತಿಗೆ ನೀವು ಅಡ್ಮಿನ್ ಅಲ್ಲ.

ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ ನೋಡಿ. ಮ್ಯಾನೇಜ್‌ಮೆಂಟ್ ಸ್ಟುಡಿಯೊ ಮುಚ್ಚಿ. ಅದರ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಒತ್ತಿ. ಮತ್ತೆ ಅಟ್ಯಾಚ್ ಮಾಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಎಸ್‌ಎ ಎಂಬ ಸರ್ವರಿನದೇ ಅಡ್ಮಿನ್ ಲಾಗಿನ್‌ನಿಂದ ಹೋದರೆ ಆಗುತ್ತದೆ, ವಿಂಡೋಸ್ ಲಾಗಿನ್‌ನಿಂದ ಆಗುವುದಿಲ್ಲ ಎಂದು ಹೇಳುವವರ ಕಥೆಯೂ ಇದೇ. ಎಸ್‌ಎ ಹಿಂದೆ ಯಾವ ವಿಂಡೋಸ್ ಮನುಷ್ಯನೂ ಇಲ್ಲ, ಹಾಗಾಗಿ ಆ ಎರಡನೇ ತಪಾಸಣೆ ನಡೆಯುವುದಿಲ್ಲ.

ಮಂಡಿಯಲ್ಲಿ ಇದರಿಂದ ಆಗಲಿಲ್ಲ.

ಕಟ್ ಅಲ್ಲ, ಕಾಪಿ

"ಫೈಲ್ ಎಲ್ಲಿಟ್ಟಿದ್ದೀಯಾ?" ಎಂದು ಕೇಳಿದೆ.

"ಡೇಟಾ ಫೋಲ್ಡರಿಗೇ ಹಾಕಿದೀನಿ ಅಕ್ಕಾ. ಮೊದಲು ಡೆಸ್ಕ್‌ಟಾಪಿಗೆ ಕಾಪಿ ಮಾಡ್ಕೊಂಡೆ. ಆಮೇಲೆ ಅಲ್ಲಿಂದ ಕಟ್ ಮಾಡಿ ಇಲ್ಲಿ ಪೇಸ್ಟ್ ಮಾಡಿದೆ."

ಎಡವಿದ್ದು ಅಲ್ಲೇ. ಜಾಗ ಸರಿ ಇತ್ತು, ತಂದ ರೀತಿ ಸರಿ ಇರಲಿಲ್ಲ.

ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವಿನಲ್ಲಿ ಒಂದು ನಿಯಮವಿದೆ. ಫೈಲನ್ನು ಕಾಪಿ ಮಾಡಿದರೆ ಅದು ಹೊಸದಾಗಿ ಹುಟ್ಟಿದ ಫೈಲ್, ಹೋದ ಫೋಲ್ಡರಿನ ಪರ್ಮಿಷನ್ ಅದಕ್ಕೆ ಬರುತ್ತದೆ. ಅದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದರೆ ಫೈಲ್ ತನ್ನ ಹಳೆಯ ಪರ್ಮಿಷನ್ನನ್ನೇ ಹೊತ್ತುಕೊಂಡು ಹೋಗುತ್ತದೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ. ಅಲ್ಲಿಯ ಫೈಲಿಗೆ ಆ ಯೂಸರ್, ಸಿಸ್ಟಮ್ ಮತ್ತು ಅಡ್ಮಿನಿಸ್ಟ್ರೇಟರ್ಸ್, ಇಷ್ಟು ಜನಕ್ಕೆ ಮಾತ್ರ ಪ್ರವೇಶ. ಎಸ್‌ಕ್ಯುಎಲ್ ಸರ್ವಿಸ್ ಆ ಪಟ್ಟಿಯಲ್ಲಿಲ್ಲ. ಫೈಲ್ ಡೇಟಾ ಫೋಲ್ಡರಿಗೆ ಬಂದರೂ ಡೆಸ್ಕ್‌ಟಾಪಿನ ಬೀಗ ಅದರ ಮೇಲೆಯೇ ಇತ್ತು.

ಡೇಟಾ ಫೋಲ್ಡರ್ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಮೈಕ್ರೊಸಾಫ್ಟ್ ಎಸ್‌ಕ್ಯುಎಲ್ ಸರ್ವರ್. ಅದರೊಳಗೆ ಎಂಎಸ್‌ಎಸ್‌ಕ್ಯುಎಲ್ ಆದ ಮೇಲೆ ಒಂದು ನಂಬರ್, ಚುಕ್ಕೆ, ಇನ್‌ಸ್ಟನ್ಸಿನ ಹೆಸರು ಇರುವ ಫೋಲ್ಡರ್. ಆ ನಂಬರ್ 12 ಇದ್ದರೆ 2014, 13 ಇದ್ದರೆ 2016, 14 ಇದ್ದರೆ 2017, 15 ಇದ್ದರೆ 2019, 16 ಇದ್ದರೆ 2022. ಅದರೊಳಗೆ ಮತ್ತೆ ಎಂಎಸ್‌ಎಸ್‌ಕ್ಯುಎಲ್, ಕೊನೆಗೆ ಡೇಟಾ. ಈ ಫೋಲ್ಡರಿಗೆ ಸರ್ವಿಸಿನ ಪರ್ಮಿಷನ್ ಇನ್‌ಸ್ಟಾಲ್ ಆಗುವಾಗಲೇ ಬಂದಿರುತ್ತದೆ. ಇಲ್ಲಿಗೆ ಕಾಪಿ ಮಾಡಿದ ಫೈಲಿಗೆ ಅದು ತಾನಾಗಿ ಇಳಿದು ಬರುತ್ತದೆ.

ಹಾಗಾಗಿ ಎಲ್ಲಕ್ಕಿಂತ ಸುಲಭದ ಪರಿಹಾರ: ಡೇಟಾ ಫೋಲ್ಡರಿನಲ್ಲಿ ಕಟ್ ಮಾಡಿ ಹಾಕಿದ ಫೈಲ್ ಇದ್ದರೆ ಅದನ್ನು ಹೊರಗೆ ಸರಿಸಿ. ಮೂಲ ಜಾಗದಿಂದ ಕಂಟ್ರೋಲ್ ಸಿ, ಡೇಟಾ ಫೋಲ್ಡರಿನಲ್ಲಿ ಕಂಟ್ರೋಲ್ ವಿ. ಕಂಟ್ರೋಲ್ ಎಕ್ಸ್ ಬೇಡ. ಮಂಡಿಯ ಹುಡುಗ ಹಳೆಯ ಡಿಸ್ಕಿನಿಂದ ನೇರವಾಗಿ ಕಾಪಿ ಮಾಡಿದ್ದರೂ ಆಗುತ್ತಿತ್ತು.

ಕೈಯಾರೆ ಪರ್ಮಿಷನ್ ಕೊಡುವುದು

ಎಲ್ಲರಿಗೂ ಡೇಟಾ ಫೋಲ್ಡರಿನಲ್ಲಿ ಜಾಗ ಇರುವುದಿಲ್ಲ. ಡೇಟಾಬೇಸ್ ದೊಡ್ಡದಾಗಿ ಡಿ ಡ್ರೈವಿನಲ್ಲೇ ಇಡಬೇಕಾಗಬಹುದು. ಆಗ ಸರ್ವಿಸಿನ ಹೆಸರನ್ನು ನಾವೇ ಸೇರಿಸಬೇಕು. ಮಂಡಿಯವರಿಗೂ ಮುಂದೆ ಬೇಕಾಗುತ್ತದೆ ಎಂದು ನಾನು ಅವತ್ತು ಇದನ್ನೂ ಮಾಡಿಸಿದೆ.

ಮೊದಲು ಅಕೌಂಟಿನ ಹೆಸರು ಖಚಿತ ಮಾಡಿಕೊಳ್ಳಿ. ಊಹೆ ಬೇಡ. ಎಸ್‌ಕ್ಯುಎಲ್ ಸರ್ವರ್ ಕಾನ್ಫಿಗರೇಷನ್ ಮ್ಯಾನೇಜರ್ ತೆರೆಯಿರಿ, ಎಡಗಡೆ ಎಸ್‌ಕ್ಯುಎಲ್ ಸರ್ವರ್ ಸರ್ವಿಸಸ್ ಒತ್ತಿ. ಬಲಗಡೆ ಎಸ್‌ಕ್ಯುಎಲ್ ಸರ್ವರ್ ಎಂಬ ಸಾಲಿನ ಮುಂದೆ ಬ್ರಾಕೆಟ್ಟಿನಲ್ಲಿ ಇನ್‌ಸ್ಟನ್ಸಿನ ಹೆಸರು, ಆಚೆ ಲಾಗ್ ಆನ್ ಆ್ಯಸ್ ಎಂಬ ಕಾಲಮ್ಮಿನಲ್ಲಿ ಅಕೌಂಟ್ ಕಾಣುತ್ತದೆ. ಏಜೆಂಟ್, ಬ್ರೌಸರ್ ಎಂಬ ಸಾಲುಗಳೂ ಇರುತ್ತವೆ. ಅವು ಬೇರೆ.

ಆಮೇಲೆ ಫೈಲುಗಳಿರುವ ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ ಟ್ಯಾಬ್, ಎಡಿಟ್, ಆ್ಯಡ್. ಇಲ್ಲಿ ಲೊಕೇಷನ್ಸ್ ಎಂಬ ಬಟನ್ ಇದೆ. ಆಫೀಸು ಡೊಮೈನಿನಲ್ಲಿದ್ದರೆ ಅದು ಡೊಮೈನನ್ನು ತೋರಿಸುತ್ತಿರುತ್ತದೆ, ಅದನ್ನು ಒತ್ತಿ ಈ ಕಂಪ್ಯೂಟರಿನ ಹೆಸರನ್ನೇ ಆರಿಸಿ. ಇದನ್ನು ಮರೆತರೆ ಹೆಸರು ಸಿಗುತ್ತಿಲ್ಲ ಎಂಬ ಮೆಸೇಜ್ ಬರುತ್ತದೆ. ಈಗ ಅಕೌಂಟಿನ ಹೆಸರನ್ನು ಎನ್‌ಟಿಯಿಂದ ಹಿಡಿದು ಪೂರ್ತಿ ಟೈಪ್ ಮಾಡಿ. ಪಟ್ಟಿಯಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ, ಟೈಪೇ ಮಾಡಬೇಕು. ಚೆಕ್ ನೇಮ್ಸ್ ಒತ್ತಿದ ಮೇಲೆ ಹೆಸರಿನ ಕೆಳಗೆ ಗೆರೆ ಬಂದರೆ ವಿಂಡೋಸಿಗೆ ಗುರುತು ಸಿಕ್ಕಿತು. ಓಕೆ ಕೊಟ್ಟು, ಕೆಳಗೆ ಫುಲ್ ಕಂಟ್ರೋಲ್ ಎದುರು ಅಲೋ ಟಿಕ್ ಮಾಡಿ, ಅಪ್ಲೈ.

ಇನ್ನೂ ಎರಡು ಕೆಲಸ. ಒಂದು, ಎಂಡಿಎಫ್ ಮತ್ತು ಎಲ್‌ಡಿಎಫ್ ಎರಡರ ಸೆಕ್ಯೂರಿಟಿ ಟ್ಯಾಬನ್ನೂ ತೆರೆದು ಸರ್ವಿಸಿನ ಹೆಸರು ಅಲ್ಲಿಗೆ ಇಳಿದಿದೆಯಾ ನೋಡಿ. ಡಿಟ್ಯಾಚ್ ಮಾಡಿದ ಫೈಲಿಗೆ ಫೋಲ್ಡರಿನಿಂದ ಇಳಿಯದಿರಬಹುದು, ಆಗ ಫೈಲಿಗೇ ಸೇರಿಸಿ. ಎಂಡಿಎಫ್‌ಗೆ ಕೊಟ್ಟು ಎಲ್‌ಡಿಎಫ್ ಮರೆಯುವುದು ತುಂಬ ಸಾಮಾನ್ಯ. ಮೆಸೇಜಿನಲ್ಲಿ ಯಾವ ಫೈಲಿನ ಹೆಸರಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಎರಡು, ನಿಮ್ಮ ವಿಂಡೋಸ್ ಅಕೌಂಟಿಗೂ ಹೀಗೆಯೇ ಫುಲ್ ಕಂಟ್ರೋಲ್ ಕೊಡಿ. ಇಬ್ಬರಿಗೂ ಬೇಕು ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ.

ಸೆಕ್ಯೂರಿಟಿ ಟ್ಯಾಬೇ ಕಾಣದಿದ್ದರೆ ಆ ಡ್ರೈವ್ ಎನ್‌ಟಿಎಫ್‌ಎಸ್ ಅಲ್ಲ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಆಗಿರುತ್ತವೆ, ಅಲ್ಲಿ ಫೈಲ್ ಪರ್ಮಿಷನ್ ಎಂಬುದೇ ಇಲ್ಲ. ಒಳಗಿನ ಡಿಸ್ಕಿಗೆ ಕಾಪಿ ಮಾಡಿ ಮುಂದುವರಿಯಿರಿ. ಪೆನ್‌ಡ್ರೈವಿನ ಮೇಲೆಯೇ ಡೇಟಾಬೇಸ್ ಓಡಿಸಬೇಡಿ.

ಈಗ ಅಟ್ಯಾಚ್. ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಡೇಟಾಬೇಸಸ್ ಮೇಲೆ ರೈಟ್ ಕ್ಲಿಕ್, ಅಟ್ಯಾಚ್, ಆ್ಯಡ್, ಎಂಡಿಎಫ್ ಆರಿಸಿ. ಕೆಳಗಿನ ಪಟ್ಟಿಯಲ್ಲಿ ಎಲ್‌ಡಿಎಫ್ ಎದುರು ನಾಟ್ ಫೌಂಡ್ ಎಂದಿದ್ದರೆ, ಅದು ಹಳೆಯ ಕಂಪ್ಯೂಟರಿನ ದಾರಿಯನ್ನು ನೆನಪಿಟ್ಟುಕೊಂಡಿದೆ ಎಂದಷ್ಟೇ. ಪಕ್ಕದ ಮೂರು ಚುಕ್ಕೆ ಒತ್ತಿ ಹೊಸ ಜಾಗ ತೋರಿಸಿ. ಓಕೆ.

ದಯವಿಟ್ಟು ಎವ್ರಿವನ್ ಬೇಡ

ಹುಡುಗ ನನಗೆ ಫೋನ್ ಮಾಡುವ ಮುಂಚೆ ಯಾರೋ ಪರಿಚಯದವರು ಅವನಿಗೆ ಹೇಳಿದ್ದರಂತೆ, ಫೋಲ್ಡರಿಗೆ ಎವ್ರಿವನ್, ಅಂದರೆ ಎಲ್ಲರಿಗೂ ಫುಲ್ ಕಂಟ್ರೋಲ್ ಕೊಟ್ಟುಬಿಡು ಎಂದು. ಅದರಿಂದ ಅಟ್ಯಾಚ್ ಆಗುತ್ತದೆ, ಸುಳ್ಳಲ್ಲ. ಆದರೆ ಆ ಕಂಪ್ಯೂಟರಿಗೆ ಲಾಗಿನ್ ಆಗುವ ಯಾರು ಬೇಕಾದರೂ ಸರ್ವಿಸ್ ನಿಲ್ಲಿಸಿದ ಹೊತ್ತಿನಲ್ಲಿ ಆ ಫೈಲನ್ನು ಅಳಿಸಬಹುದು, ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬಹುದು. ಹೊರಗೆ ತೆಗೆದುಕೊಂಡು ಹೋದ ಎಂಡಿಎಫ್ ಫೈಲನ್ನು ತನ್ನ ಮನೆಯ ಸರ್ವರಿಗೆ ಅಟ್ಯಾಚ್ ಮಾಡಿದವನು ಅಲ್ಲಿ ಸಿಸ್‌ಅಡ್ಮಿನ್. ನಮ್ಮ ಪಾಸ್‌ವರ್ಡ್ ಯಾವುದೂ ಅವನನ್ನು ತಡೆಯುವುದಿಲ್ಲ. ಯಾವ ಬೆಳೆಗಾರನಿಗೆ ಎಷ್ಟು ಸಾಲವಿದೆ ಎಂಬುದು ಮಂಡಿಯ ಹೊರಗೆ ಹೋಗಬೇಕಾದ ಮಾತಲ್ಲ. ಕ್ಲಿನಿಕ್ಕಿನ ಫೈಲಾದರೆ ಇನ್ನೂ ಸೂಕ್ಷ್ಮ. ನಂಬಿ ಕೊಟ್ಟವರ ವಿವರ ಅದು, ನಮ್ಮ ಅನುಕೂಲಕ್ಕೆ ಬಾಗಿಲು ತೆರೆದಿಡುವ ಹಕ್ಕು ನಮಗಿಲ್ಲ. ಒಂದು ಹೆಸರು ಟೈಪ್ ಮಾಡಲು ಎರಡು ನಿಮಿಷ ಸಾಕು.

ಸರ್ವಿಸನ್ನು ಲೋಕಲ್ ಸಿಸ್ಟಮ್ ಅಕೌಂಟಿಗೆ ಬದಲಿಸುವ ಸಲಹೆಯೂ ಸಿಗುತ್ತದೆ. ಅದೂ ಬೇಡ. ಡೇಟಾಬೇಸ್ ಸರ್ವಿಸಿಗೆ ಇಡೀ ಕಂಪ್ಯೂಟರಿನ ಅಧಿಕಾರ ಕೊಟ್ಟ ಹಾಗಾಗುತ್ತದೆ. ಬೇರೆ ಕಾರಣಕ್ಕೆ ಅಕೌಂಟ್ ಬದಲಿಸಲೇಬೇಕಾದರೆ ಕಾನ್ಫಿಗರೇಷನ್ ಮ್ಯಾನೇಜರಿನಿಂದಲೇ ಬದಲಿಸಿ, ವಿಂಡೋಸಿನ ಸರ್ವಿಸಸ್ ಪಟ್ಟಿಯಿಂದ ಅಲ್ಲ. ಬೇಕಾದ ಪರ್ಮಿಷನ್‌ಗಳನ್ನೂ ಸರಿ ಮಾಡುವುದು ಅದು.

ಇನ್ನೂ ಆಗದಿದ್ದರೆ

ಎಲ್ಲ ಕೊಟ್ಟ ಮೇಲೂ 5 ಬರುತ್ತಿದ್ದರೆ ಪಟ್ಟಿಯಲ್ಲಿ ಡಿನೈ ಟಿಕ್ ಎಲ್ಲಾದರೂ ಇದೆಯಾ ನೋಡಿ, ಸಾಮಾನ್ಯವಾಗಿ ಅಲೋಗಿಂತ ಅದರ ಮಾತೇ ಮೊದಲು ನಡೆಯುವುದು. ಫೈಲಿನ ಐಕಾನಿನ ಮೇಲೆ ಬೀಗದ ಗುರುತಿದ್ದರೆ ಅದು ವಿಂಡೋಸಿನಲ್ಲಿ ಎನ್‌ಕ್ರಿಪ್ಟ್ ಆಗಿದೆ, ಫುಲ್ ಕಂಟ್ರೋಲ್ ಇದ್ದರೂ ಬೇರೆ ಅಕೌಂಟಿಗೆ ತೆರೆಯದು. ಎನ್‌ಕ್ರಿಪ್ಟ್ ಮಾಡಿದವರ ಲಾಗಿನ್‌ನಿಂದಲೇ ಅದನ್ನು ತೆಗೆಯಬೇಕು. ವಿಂಡೋಸ್ ಸೆಕ್ಯೂರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಇದ್ದು, ಫೈಲ್ ಡಾಕ್ಯುಮೆಂಟ್ಸ್ ತರಹದ ಫೋಲ್ಡರಿನಲ್ಲಿದ್ದರೆ ಅದೂ ತಡೆಯಬಹುದು. ಡೇಟಾಬೇಸ್ ಫೈಲಿಗೆ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಯಾವುದೂ ಜಾಗವಲ್ಲ.

ಕೆಲವೊಮ್ಮೆ 5 ಹೋಗಿ 3415 ಬರುತ್ತದೆ. ಇದು ಪರ್ಮಿಷನ್ನಿನದೇ ಅರ್ಧ ರೂಪ. ಓದಲು ಬಿಟ್ಟಿದೆ, ಬರೆಯಲು ಬಿಟ್ಟಿಲ್ಲ. ಹಳೆಯ ವರ್ಷನ್ನಿನ ಫೈಲನ್ನು ಮೇಲೇರಿಸಬೇಕು, ಆದರೆ ಬರೆಯಲಾಗದು ಎಂದು ಹೇಳುತ್ತಿದೆ. ವರ್ಷನ್ ಒಂದೇ ಆಗಿದ್ದರೆ ಎರರ್ ಬರದೆ ಅಟ್ಯಾಚ್ ಆಗಿ, ಹೆಸರಿನ ಪಕ್ಕ ರೀಡ್ ಓನ್ಲಿ ಎಂದು ಕಾಣುತ್ತದೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಟಿಕ್ ತೆಗೆಯಿರಿ. ಸೀಡಿಯಿಂದ ಬಂದ ಫೈಲಿನಲ್ಲಿ ಇದು ಇರಬಹುದು. ಸರ್ವಿಸಿಗೆ ರೀಡ್ ಮಾತ್ರ ಅಲ್ಲದೆ ಫುಲ್ ಕಂಟ್ರೋಲ್ ಇದೆಯಾ ಎಂದೂ ನೋಡಿ.

948 ಬಂದರೆ ಪರ್ಮಿಷನ್ ಬಿಡಿ, ಸರ್ವರೇ ಹಳೆಯದು. 2019ರ ಫೈಲಿನೊಳಗಿನ ವರ್ಷನ್ ನಂಬರ್ 904. 2017ರ ಸರ್ವರ್ 869ರವರೆಗೆ ಮಾತ್ರ ಓದುತ್ತದೆ. ಹೊಸ ಸರ್ವರ್ ಹಾಕದೆ ಬೇರೆ ದಾರಿಯಿಲ್ಲ.

ಲಿನಕ್ಸ್ ಮೇಲೆ ಎಸ್‌ಕ್ಯುಎಲ್ ಸರ್ವರ್ ಓಡಿಸುವವರಿಗೆ ಮಾತು ಚಿಕ್ಕದು. ಅಲ್ಲಿ ಸರ್ವರ್ ಓಡುವುದು ಎಂಎಸ್‌ಎಸ್‌ಕ್ಯುಎಲ್ ಎಂಬ ಯೂಸರ್ ಹೆಸರಿನಲ್ಲಿ. ರೂಟ್ ಆಗಿ ಕಾಪಿ ಮಾಡಿದ ಫೈಲಿನ ಮಾಲೀಕ ರೂಟ್ ಆಗಿರುತ್ತಾನೆ. ಸಿಎಚ್‌ಓನ್ ಕಮಾಂಡಿನಿಂದ ಮಾಲೀಕನನ್ನೂ ಗುಂಪನ್ನೂ ಎಂಎಸ್‌ಎಸ್‌ಕ್ಯುಎಲ್‌ಗೆ ಬದಲಿಸಿದರೆ ಆಯಿತು.

ಅಟ್ಯಾಚ್ ಆದ ಮೇಲೆ

ನಾಲ್ಕು ಗಂಟೆಗೆ ಮಂಡಿಯ ಡೇಟಾಬೇಸ್ ಎದ್ದಿತು. ಹುಡುಗ ಕೂಗಿದ್ದು ಫೋನಿನಲ್ಲಿ ನನ್ನ ಕಿವಿಗೆ ಬಡಿಯಿತು. ಆದರೆ ಲೆಕ್ಕದ ಸಾಫ್ಟ್‌ವೇರ್ ತೆರೆದರೆ ಲಾಗಿನ್ ಫೇಲ್ಡ್, ಎರರ್ 18456.

ಇದಕ್ಕೆ ಮತ್ತೆ ಫೈಲ್ ಪರ್ಮಿಷನ್ ಮುಟ್ಟಬೇಡಿ. ಸಾಫ್ಟ್‌ವೇರ್ ಬಳಸುವ ಲಾಗಿನ್ ಹಳೆಯ ಕಂಪ್ಯೂಟರಿನ ಮಾಸ್ಟರ್ ಡೇಟಾಬೇಸಿನಲ್ಲಿತ್ತು, ನಮ್ಮ ಎಂಡಿಎಫ್ ಜೊತೆ ಅದು ಬರುವುದಿಲ್ಲ. ಹೊಸ ಸರ್ವರಿನ ಸೆಕ್ಯೂರಿಟಿ, ಲಾಗಿನ್ಸ್ ಅಡಿಯಲ್ಲಿ ಅದೇ ಹೆಸರಿನ ಲಾಗಿನ್ ಮಾಡಬೇಕು. ಸರ್ವರ್ ಪ್ರಾಪರ್ಟೀಸ್‌ನಲ್ಲಿ ಎಸ್‌ಕ್ಯುಎಲ್ ಲಾಗಿನ್‌ಗೂ ಅವಕಾಶ ಕೊಡುವ ಆಯ್ಕೆ ಆನ್ ಇರಬೇಕು, ಅದನ್ನು ಬದಲಿಸಿದರೆ ಸರ್ವಿಸನ್ನು ಒಮ್ಮೆ ನಿಲ್ಲಿಸಿ ಶುರು ಮಾಡಬೇಕು. ಆಮೇಲೆ ಡೇಟಾಬೇಸಿನೊಳಗಿನ ಹಳೆಯ ಯೂಸರನ್ನು ಆ ಲಾಗಿನ್‌ಗೆ ಜೋಡಿಸಬೇಕು. ಆಲ್ಟರ್ ಯೂಸರ್, ಯೂಸರಿನ ಹೆಸರು, ವಿತ್ ಲಾಗಿನ್, ಸಮ ಚಿಹ್ನೆ, ಲಾಗಿನ್ನಿನ ಹೆಸರು. ಒಂದೇ ಸಾಲಿನ ಕ್ವೆರಿ.

ಸಾಫ್ಟ್‌ವೇರ್ ತೆರೆಯಿತು. ಹಿಂದಿನ ಸಂಜೆ ಹಾಕಿದ ಕೊನೆಯ ಎಂಟ್ರಿ ಗೊರಬಲು ಅಡಿಕೆಯದು, ಅದು ಅಲ್ಲೇ ಇತ್ತು.

ಮುಗಿಸುವ ಮುಂಚೆ ಡಿಬಿಸಿಸಿ ಚೆಕ್‌ಡಿಬಿ ಎಂಬ, ಡೇಟಾಬೇಸ್ ಕೆಟ್ಟಿದೆಯಾ ಎಂದು ಪರೀಕ್ಷಿಸುವ ಕಮಾಂಡ್ ಓಡಿಸಿದೆವು. ಸಿಡಿಲು ಬಡಿದ ಕಂಪ್ಯೂಟರಿನ ಡಿಸ್ಕ್ ಅದು, ಸುಮ್ಮನೆ ನಂಬುವ ಹಾಗಿರಲಿಲ್ಲ. ಕೊನೆಯ ಸಾಲಿನಲ್ಲಿ ಅಲೋಕೇಷನ್ ಎರರ್ 0, ಕನ್ಸಿಸ್ಟೆನ್ಸಿ ಎರರ್ 0 ಎಂದು ಬರಬೇಕು. ಬಂತು.

ಆಮೇಲೆ ಬ್ಯಾಕಪ್. ಅವನು ಡೆಸ್ಕ್‌ಟಾಪ್ ಆರಿಸಿದ, ಎರರ್ 3201 ಬಂತು, ಒಳಗೆ ಮತ್ತೆ ಅದೇ 5. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: "ಗೊತ್ತಾಯ್ತು ಅಕ್ಕಾ, ಬರೆಯೋದು ನಾನಲ್ಲ, ಸರ್ವಿಸು." ಡಿ ಡ್ರೈವಿನಲ್ಲಿ ಬ್ಯಾಕಪ್ ಎಂಬ ಫೋಲ್ಡರ್ ಮಾಡಿ, ಸರ್ವಿಸಿನ ಹೆಸರನ್ನು ತಾನೇ ಸೇರಿಸಿದ. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲ, ಹಾಗಾಗಿ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ ದಿನಾ ಸಂಜೆ ಆರಕ್ಕೆ ಬ್ಯಾಕಪ್ ಆಗುವ ಹಾಗೆ ಇಟ್ಟೆವು. ಅಂಥ ಬ್ಯಾಕಪ್ ಫೈಲ್ ಮೊದಲೇ ಇದ್ದಿದ್ದರೆ ಅವತ್ತು ಅಟ್ಯಾಚಿನ ಗೋಜೇ ಇರುತ್ತಿರಲಿಲ್ಲ, ರಿಸ್ಟೋರ್ ಮಾಡಿದರೆ ಸಾಕಿತ್ತು. ರಿಸ್ಟೋರಿನಲ್ಲಿ ಡೇಟಾ ಫೈಲುಗಳನ್ನು ಸರ್ವಿಸೇ ಹೊಸದಾಗಿ ಹುಟ್ಟಿಸುತ್ತದೆ, ಪರ್ಮಿಷನ್ನೂ ತಾನೇ ಹಾಕಿಕೊಳ್ಳುತ್ತದೆ.

ಆರು ಗಂಟೆ ಐದು ನಿಮಿಷಕ್ಕೆ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ ಬಂತು. ಬ್ಯಾಕಪ್ ಫೋಲ್ಡರಿನಲ್ಲಿ ಮೊದಲ ಫೈಲ್. ಇನ್ನೊಂದು ಫೋಟೊ ಗೋಡೆಯದು, ಪ್ಲಗ್ ಕಿತ್ತು ಕೆಳಗಿಟ್ಟಿದ್ದ.